ಭಾಗ ಒಂದು, ಭಾಗ ಎರಡು

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿ, ಎರಡನೆಯದನ್ನು ಏನು ಮಾಡುವುದೆಂದು ತಿಳಿಯದೆ ಅವಳು ನಿಂತಿದ್ದಾಗ ಕಾಲೇಜಿನ ಲೈಬ್ರರಿಯನ್ ಬಾಗಿಲಲ್ಲಿ ಕಂಡರು. ಲೋಟ ಅವರಿಗೆ ಹೋಯಿತು.

“ಈ ಹೊತ್ತಲ್ಲಿ ಕೇಳಬಾರ್ದಮ್ಮ. ಆದ್ರೆ ನಾನು ಇವತ್ತೇ ರಿಟೈರು. ಮೂವತ್ತು ವರ್ಷದಲ್ಲಿ ಒಂದೇ ಒಂದು ಪುಸ್ತಕ ಮಾತ್ರ ವಾಪಸ್ ಬಂದಿಲ್ಲ. ನಿಮ್ಮ ಯಜಮಾನ್ರ ಹೆಸರಲ್ಲಿದೆ, ಸಾಮಾಜಿಕ ಸಂಶೋಧನಾ ವಿಧಾನ, ಭಾಗ ಒಂದು. ಐದು ಗಂಟೆಯೊಳಗೆ ಸಿಗದಿದ್ರೆ ನನ್ನನ್ನ ಮನೆಗೆ ಬಿಡಲ್ಲ.”

ಗಂಡ ಆ ವಿಷಯದ ಅಧ್ಯಾಪಕ. ಫಾರಂನಲ್ಲಿ ಸುಳ್ಳು ಬರೆಯುವವನು ಸಮಾಜದ್ರೋಹಿ ಎನ್ನುತ್ತಿದ್ದವನು. ಮನೆಯಲ್ಲಿ ಎರಡು ಸಾವಿರ ಪುಸ್ತಕಗಳಿದ್ದವು, ಯಾವುದೂ ಜಾಗದಲ್ಲಿರಲಿಲ್ಲ.

ಮಹಡಿಯ ಮೇಲಿನ ಇತಿಹಾಸದ ಮೇಷ್ಟ್ರು ಹುಡುಕಿಕೊಡಲು ಮೊದಲು ಇಳಿದು ಬಂದರು. “ಏನೂ ಮುಟ್ಟಬೇಡಮ್ಮ! ಹಳೇದು ಕೆಳಗೆ, ಹೊಸದು ಮೇಲೆ. ಪದರ ಪದರವಾಗಿ ಅಗೀಬೇಕು.” ಅಗೆದರು. ಮಧ್ಯಾಹ್ನದ ಹೊತ್ತಿಗೆ ಪುಸ್ತಕಗಳೆಲ್ಲ ನಡುಮನೆಯಲ್ಲಿ ಗೋಡೆಯಾಗಿ ನಿಂತಿದ್ದವು. ಮೇಷ್ಟ್ರು ಅದರಾಚೆ ಸಿಕ್ಕಿಕೊಂಡು, ಮುತ್ತಿಗೆಗೆ ಸಿಕ್ಕ ರಾಜನ ಹಾಗೆ ನೀರು ಕೇಳುತ್ತಿದ್ದರು.

ಆಮೇಲೆ ಬಂದವರು ನಿವಾಸಿಗಳ ಸಂಘದ ಅಧ್ಯಕ್ಷರು, ಹಿಂದೆ ಹತ್ತು ಜನ. ಗಂಡನ ಕುರ್ಚಿಯಲ್ಲೇ ಕುಳಿತರು. ಅದು ಎಡಕ್ಕೆ ವಾಲಿತು.

“ನಾನು ಯಾವ ಕಡೆಗೂ ವಾಲೋನಲ್ಲ,” ಎಂದರು ಅಧ್ಯಕ್ಷರು, ವಾಲಿಕೊಂಡೇ. “ಮತ ಹಾಕೋಣ. ಪುಸ್ತಕ ಬೀರುವಿನಲ್ಲಿದೆ ಅನ್ನೋರು ಕೈಯೆತ್ತಿ.”

“ಬಹುಮತ ಬಂದ್ರೆ ಪುಸ್ತಕ ಅಲ್ಲಿಗೆ ನಡ್ಕೊಂಡು ಹೋಗುತ್ತೇನ್ರೀ?” ಗೋಡೆಯಾಚೆಯಿಂದ ಮೇಷ್ಟ್ರ ದನಿ.

“ವಿರೋಧ ಪಕ್ಷದ ಮಾತು. ಬರ್ಕೊಳ್ಳಿ.”

ಬೀರು ಗೆದ್ದಿತು. ತೆರೆದರೆ ಅವನ ಷರಟುಗಳಷ್ಟೇ ಇದ್ದವು. ಅವಳೇ ಬಾಗಿಲು ಮುಚ್ಚಿದಳು.

ನಾಲ್ಕೂವರೆಗೆ ಮರುಮತದಾನ ಘೋಷಿಸಲು ಅಧ್ಯಕ್ಷರು ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಗೆದ್ದಲು ತಿಂದು ಮೊಟಕಾದ ಬಲಗಾಲಿನ ಕೆಳಗಿತ್ತು, ಭಾಗ ಒಂದು.

ಅವಳು ಅದನ್ನೆತ್ತಿಕೊಂಡು ಲೈಬ್ರರಿಗೆ ಓಡಿದಳು.

“ಬದುಕಿದೆ ತಾಯಿ!” ಎಂದರು ಲೈಬ್ರರಿಯನ್. “ರಟ್ಟಿನ ಮೇಲೆ ಇದೇನಿದು, ಇಷ್ಟು ದೊಡ್ಡ ಗುಂಡಿ?”

“ಅವರು ಕೂತು ಓದ್ತಿದ್ರು.”

ರಿಜಿಸ್ಟರ್‌ನಲ್ಲಿ ಅಡ್ಡಗೆರೆ ಎಳೆದವರು ತಟ್ಟನೆ ನಿಂತರು. “ಅಯ್ಯೋ, ಭಾಗ ಎರಡಕ್ಕೂ ಹೆಸರು ಬರೆಸಿದ್ರಲ್ಲ! ನಿನ್ನೆ ತಾನೇ ಬಂತು. ಅದು ನನ್ನ ಮೇಜಿನ ಮೇಲೆ ಉಳಿದ್ರೂ ನನ್ನನ್ನ ಬಿಡಲ್ಲ. ಒಂದು ಸಹಿ ಹಾಕಿಬಿಡಿ ಅಮ್ಮ, ಹದಿನೈದು ದಿನ ಇಟ್ಕೊಳ್ಳಿ.”

ಅವರು ಚಾಚಿದ ಅರ್ಜಿಯ ‘ಉದ್ದೇಶ’ ಎಂಬ ಸಾಲಿನಲ್ಲಿ ಅವನ ದುಂಡಗಿನ ಅಕ್ಷರ: ಕುರ್ಚಿಯ ಇನ್ನೊಂದು ಕಾಲಿಗೆ.

“ಇದನ್ನ ನೀವು ಓದಲೇ ಇಲ್ವಾ?”

“ಆ ಸಾಲನ್ನ ಯಾರಮ್ಮ ಓದ್ತಾರೆ!”

ಅವಳಿಗೆ ನಗು ಬಂತು. ಎಷ್ಟು ದಿನಗಳ ಮೇಲೋ. ಕಟ್ಟಿದ್ದ ಮೂಗು ಬಿಟ್ಟ ಹಾಗೆ ಉಸಿರು ಸಲೀಸಾಯಿತು.

ಮನೆಯಲ್ಲಿ ಮೇಷ್ಟ್ರು ಇನ್ನೂ ಗೋಡೆಯಾಚೆಯೇ ಇದ್ದರು. ಅವಳು ಭಾಗ ಎರಡನ್ನು ಎಡಗಾಲಿಗೆ ಕೊಟ್ಟು ಕುಳಿತಳು.

ಕುರ್ಚಿ ಬಲಕ್ಕೆ ವಾಲಿತು.