ಕ್ಯಾಂಪರ್ ಹೋಗಿ ಕೌಂಟರ್ ಆದದ್ದು

"ಸಾಕು! ಇನ್ನು ಮೇಲೆ ಈ ಹರಿಶ್ಚಂದ್ರ ವಾರಕ್ಕೆ ಎರಡು ದಿನ ಕಾಡಿನಲ್ಲಿ ಬದುಕುವವ!"

ಕಳವಾ ಪೇಟೆಯಲ್ಲಿದ್ದ ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಕೈ ಬಡಿದು ಹರಿಶ್ಚಂದ್ರ ಹೀಗೆ ಗರ್ಜಿಸಿದಾಗ ಇಡ್ಲಿ ತಿನ್ನುತ್ತಿದ್ದ ಆರು ಗಿರಾಕಿಗಳು ತಲೆ ಎತ್ತಿದರು. ಒಳಗೆ ದೋಸೆ ಹುಯ್ಯುತ್ತಿದ್ದ ಹೆಂಡತಿ ಪ್ರಫುಲ್ಲಾ ಮಾತ್ರ ಎತ್ತಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಆ ಕಾವಲಿಯ ಮುಂದೆ ನಿಲ್ಲುತ್ತಿರುವವಳು ಗಂಡನ ಗರ್ಜನೆಗಳಿಗೆಲ್ಲ ತಲೆ ಎತ್ತುತ್ತಾ ಹೋದರೆ ದೋಸೆ ಸೀದು ಹೋಗುತ್ತದೆ.

"ಕ್ಯಾಂಪರ್ ಕಟ್ಟಿಸ್ತೇನೆ ಪ್ರಫುಲ್ಲಾ!"

"ಎಂತ, ಕ್ಯಾಂಫರಾ? ಕರ್ಪೂರ ಕಟ್ಟಿಸುದು ಎಂತಕ್ಕೆ, ಅಂಗಡಿಯಲ್ಲಿ ಸಿಗ್ತದಲ್ಲ!"

"ಅಯ್ಯೋ ಮಾರಾಯ್ತಿ, ಕ್ಯಾಂಪರ್! ಚಕ್ರದ ಮೇಲೆ ಮನೆ! ಹಾಸಿಗೆ, ಒಲೆ, ನೀರಿನ ಟ್ಯಾಂಕ್, ಸೋಲಾರ್, ಕಕ್ಕಸು ಎಲ್ಲ ಒಳಗೇ! ಯಾರ ಹಂಗೂ ಇಲ್ಲ. ಕಲ್ಲು, ಕೆಸರು, ಹೊಳೆ ಎಂಥದ್ದೂ ಲೆಕ್ಕ ಇಲ್ಲ, ನುಗ್ಗುದೇ!"

"ನುಗ್ಗಿದ ಮೇಲೆ ಅಲ್ಲಿ ದೋಸೆ ಹುಯ್ಯುದು ಯಾರು?"

ಹರಿಶ್ಚಂದ್ರ ಗಲ್ಲಾ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದ. ಸತ್ಯವಾಗಿ ಹೇಳಬೇಕೆಂದರೆ ಗಾಡಿಯ ಕನಸು ಹುಟ್ಟಿದ್ದೇ ಅವಳ ಸುಟ್ಟ ಬೆರಳುಗಳನ್ನು ನೋಡಿ. "ನೀನು ಯಾರಿಗೂ ಒಂದು ಲೋಟ ನೀರು ಸಹ ಕೊಡ್ಲಿಕ್ಕಿಲ್ಲ. ಕಾಲು ಚಾಚಿ ಕೂರುದು, ಅಷ್ಟೇ," ಎಂದ.

"ಹಾಗಾದ್ರೆ ಸರಿಯಾಗಿ ಕೇಳಿಸ್ಕೊಳ್ಳಿ. ಅಲ್ಲಿ ನನ್ನ ಕೈಯಿಂದ ಒಂದೇ ಒಂದು ಪ್ಲೇಟು ಹೊರಗೆ ಹೋದ್ರೂ ಸೋಮವಾರವೇ ಗಾಡಿ ಮಾರುದು!"

"ಮಾರುವ!" ಎಂದ ಹರಿಶ್ಚಂದ್ರ, ಎದೆ ಉಬ್ಬಿಸಿ.

ಸೆಕೆಂಡ್ ಹ್ಯಾಂಡ್ ಪಿಕಪ್ ಒಂದು ಸಿಕ್ಕಿತು. ಬೇಕಾದಾಗ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಗಟ್ಟಿ ಗಾಡಿ. ಅದರ ಬೆನ್ನ ಮೇಲೆ ಮನೆ ಕಟ್ಟಲು ಹರಿಶ್ಚಂದ್ರ ಹೋದದ್ದು ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿದ್ದ ತಾರಾನಾಥನ ಶೆಡ್ಡಿಗೆ. ತಾರಾನಾಥ ಊರಿನವ, ನಂಬಿಕಸ್ಥ, ಕೈ ಬಂಗಾರ! ಆದರೆ ಇಪ್ಪತ್ತು ವರ್ಷ ಅವನು ಮಾಡಿದ್ದು ಹೋಟೆಲ್ ಅಡುಗೆಮನೆಗಳನ್ನು ಮಾತ್ರ. ನಾಲ್ಕು ತಿಂಗಳಾದ ಮೇಲೆ ಗಾಡಿ ನೋಡಿದರೆ ಎಲ್ಲೆಲ್ಲೂ ಫಳಫಳ ಸ್ಟೀಲ್. ತಟ್ಟೆ ಇಡುವ ಸ್ಟ್ಯಾಂಡಿನಲ್ಲಿ ನಲವತ್ತು ತಟ್ಟೆ. ಕಾವಲಿ ಮೂರು ಅಡಿ ಉದ್ದ!

"ತಾರಾನಾಥ, ಇಲ್ಲಿ ಒಂದು ಕಿಟಕಿ ಅಂತ ಹೇಳಿದ್ದೆ."

"ಕಿಟಕಿಯೇ ಅಣ್ಣ! ಗಾಳಿ ಒಳಗೆ ಬರ್ತದೆ, ತಟ್ಟೆ ಹೊರಗೆ ಹೋಗ್ತದೆ!"

ಮುಂದಿನ ಎರಡು ತಿಂಗಳು ಗಾಡಿಯ ಸೇವೆ. ಒಂದು ವಾರ ಟ್ಯಾಂಕ್ ಸೋರಿ ಹಾಸಿಗೆಗೆ ಅಭಿಷೇಕ, ಇನ್ನೊಂದು ವಾರ ಪಂಪ್ ಮೌನವ್ರತ, ಮತ್ತೊಂದು ವಾರ ಬ್ಯಾಟರಿ ನಿರ್ವಾಣ! ಹರಿಶ್ಚಂದ್ರ ಸ್ಪ್ಯಾನರ್ ಹಿಡಿದು ಗಾಡಿಯ ಅಡಿಯಲ್ಲೇ ವಾಸ ಮಾಡಿದ. "ಮನೆ ಗಾಡಿಯ ಮೇಲೆ, ಯಜಮಾನರು ಗಾಡಿಯ ಕೆಳಗೆ," ಎಂದು ಪ್ರಫುಲ್ಲಾ ಅಕ್ಕಪಕ್ಕದವರಿಗೆ ವರದಿ ಒಪ್ಪಿಸುತ್ತಿದ್ದಳು.

ಮಳೆಗಾಲ ಮುಗಿದ ಒಂದು ಭಾನುವಾರ ಬೆಳಿಗ್ಗೆ ದಿಗ್ವಿಜಯ ಹೊರಟಿತು. ಇಬ್ಬರಿಗೆಂದು ಹರಿಶ್ಚಂದ್ರ ತುಂಬಿಸಿದ್ದು ಎರಡು ದೊಡ್ಡ ಡಬ್ಬ ದೋಸೆ ಹಿಟ್ಟು, ಅರ್ಧ ಬಕೆಟ್ ಚಟ್ನಿ. ಇಬ್ಬರ ಅಳತೆ ಅವನಿಗೆ ಗೊತ್ತಿದ್ದರೆ ತಾನೆ? ಅವನ ಲೆಕ್ಕ ಶುರುವಾಗುವುದೇ ನೂರು ಜನರಿಂದ. ಕಲ್ಯಾಣ ದಾಟಿ, ಶಹಾಡ್ ಸೇತುವೆ ಇಳಿದು, ಮುರಬಾಡ್ ರಸ್ತೆಯಲ್ಲಿ ಒಂದು ಗಂಟೆ ಓಡಿದ ಮೇಲೆ ಬೆಟ್ಟದ ಬುಡದಲ್ಲಿ ಒಂದು ಮಣ್ಣಿನ ದಾರಿ ಕಂಡಿತು.

"ಈಗ ನೋಡು, ಆಫ್ ರೋಡ್!" ಎಂದು ಹರಿಶ್ಚಂದ್ರ ಸ್ಟಿಯರಿಂಗ್ ತಿರುಗಿಸಿದ.

ಗಾಡಿ ಇಪ್ಪತ್ತು ಮಾರು ಹೋಯಿತು. ಗದ್ದೆಯಂಚಿನ ಕೆಸರಿನಲ್ಲಿ ಹಿಂದಿನ ಚಕ್ರಗಳೆರಡೂ ಹೂತು ಓರೆಯಾಗಿ ನಿಂತುಬಿಟ್ಟಿತು.

"ರೋಡೂ ಆಫ್, ಗಾಡಿಯೂ ಆಫ್!" ಎಂದಳು ಪ್ರಫುಲ್ಲಾ.

"ಹೆದರಬೇಡ. ನಾಲ್ಕು ಚಕ್ರದ ಲಿವರ್ ಎಳೆದರೆ ಆಯ್ತು." ಕೈ ಹಾಕಿದರೆ ಲಿವರ್ ಎಲ್ಲಿದೆ! ಆ ಜಾಗದಲ್ಲಿ ಸ್ಟೀಲಿನ ಲೋಟದ ಸ್ಟ್ಯಾಂಡ್ ನಗುತ್ತಿತ್ತು. ತಾರಾನಾಥನಿಗೆ ಫೋನ್ ಹೋಯಿತು.

"ಆ ಸಣ್ಣ ಗೇರಾ ಅಣ್ಣ? ಒಂದೇ ಗಾಡಿಗೆ ಎರಡೆರಡು ಯಾಕೆ ಅಂತ ಕೊಯ್ದು ತೆಗೆದೆ! ಲೋಟ ಇಡ್ಲಿಕ್ಕೆ ಜಾಗ ಬೇಡ್ವಾ? ಪಾಲಿಶ್ ಹೇಗುಂಟು?"

ಹರಿಶ್ಚಂದ್ರ ಇಳಿದು ಬಂದು ಸಿಟ್ಟಿನಲ್ಲಿ ಗಾಡಿಗೆ ಒಂದು ಒದೆ ಕೊಟ್ಟ. ಅದೇ ತಪ್ಪಾದದ್ದು! ಚಿಲಕ ಕಳಚಿ ಕಿಟಕಿಯೆಂಬ ಆ ಬಾಗಿಲು ಧಡಕ್ಕನೆ ಮೇಲೆದ್ದಿತು, ಸ್ಟೀಲಿನ ಹಲಗೆ ಮಡಿಕೆ ಬಿಚ್ಚಿ ಮುಂದೆ ಚಾಚಿತು, ದೀಪ ಹೊತ್ತಿತು, ಹೊಗೆ ಎಳೆಯುವ ಫ್ಯಾನ್ ಗರಗರ ತಿರುಗಿತು. ಜನರಿಲ್ಲದ ಆ ಬೆಟ್ಟದ ಬುಡದಲ್ಲಿ ಒಂದು ಫಸ್ಟ್ ಕ್ಲಾಸ್ ಉಡುಪಿ ಹೋಟೆಲ್ ಉದ್ಘಾಟನೆಯಾಯಿತು.

ಅದೇ ಹೊತ್ತಿಗೆ ಬೆಟ್ಟ ಹತ್ತಿ ಇಳಿದು ಬರುತ್ತಿದ್ದ ಇಪ್ಪತ್ತೆರಡು ಹುಡುಗ ಹುಡುಗಿಯರು ಆ ಸ್ಟೀಲಿನ ಹೊಳಪು ಕಂಡರು. ಕ್ಷಣದಲ್ಲಿ ಸಾಲು ನಿಂತಿತು.

"ಅಣ್ಣಾ, ದೋ ಮಸಾಲಾ ಡೋಸಾ!"

"ಇದು ಹೋಟೆಲ್ ಅಲ್ಲ!" ಎಂದು ಹರಿಶ್ಚಂದ್ರ ಕನ್ನಡದಲ್ಲೇ ಕಿರುಚಿದ.

"ಅಲ್ಲದೆ ಮತ್ತೆಂತ?" ಎಂದಳು ಪ್ರಫುಲ್ಲಾ. "ನನಗೆ ಮೊದಲೇ ಗೊತ್ತಿತ್ತು. ನಾನಂತೂ ಒಂದು ಪ್ಲೇಟು ಕೊಡುದಿಲ್ಲ. ಗಾಡಿಯ ಮೇಲೆ ಆಸೆ ಇದ್ರೆ ನೀವೇ ಹುಯ್ಯಿರಿ!"

"ನಾನಾ? ನಾನು ಜನ್ಮದಲ್ಲಿ ಒಂದು ದೋಸೆ ಹುಯ್ದವನಾ?"

ಸಾಲಿನ ಮುಂದಿದ್ದ ಹುಡುಗಿ ಕಿಸಕ್ಕನೆ ನಕ್ಕಳು. "ಅಂಕಲ್, ಮೈ ಸ್ನೇಹಲ್. ಮಮ್ಮಿ ಧಾರವಾಡ್ ಕೀ ಹೈ, ಸಬ್ ಸಮಝ್ತಾ ಹೈ ಮೇರೆಕೋ!" ಎಂದು ತನಗೆ ಕನ್ನಡ ಪೂರ್ತಿ ಅರ್ಥವಾಗುವುದನ್ನು ತಿಳಿಸಿದವಳು ಅಲ್ಲೇ ಪಂಚಾಯಿತಿ ಮುಗಿಸಿದಳು: ಆಂಟಿ ಕುರ್ಚಿಯಲ್ಲಿ ಕೂರುವುದು, ಅಂಕಲ್ ದೋಸೆ ಹುಯ್ಯುವುದು, ಹೊಟ್ಟೆ ತುಂಬಿದ ಮೇಲೆ ಎಲ್ಲರೂ ಸೇರಿ ಗಾಡಿಗೆ ಧಕ್ಕಾ!

ಮೊದಲ ದೋಸೆ ಕಾವಲಿಯನ್ನು ಬಿಟ್ಟು ಬರಲಿಲ್ಲ. ಎರಡನೆಯದು ಚೂರುಚೂರಾಗಿ ಬಂತು. ಪ್ರಫುಲ್ಲಾಗೆ ಕೂತಲ್ಲಿ ಕೂರಲಾಗುತ್ತಿಲ್ಲ. "ಕಾವಲಿ ಕಾಯ್ಲಿಕ್ಕೆ ಬಿಡಿ ಮಾರಾಯ್ರೆ! ನೀರು ಚಿಮುಕಿಸಿ! ಅಯ್ಯೋ, ಸೌಟು ಹಿಡಿಯುದು ಹಾಗಾ?" ಎನ್ನುತ್ತಾ ಎದ್ದು ಬಂದೇಬಿಟ್ಟಳು.

"ಮುಟ್ಟಬೇಡ!" ಹರಿಶ್ಚಂದ್ರ ಸೌಟನ್ನು ಎದೆಗೆ ಅವಚಿಕೊಂಡ. "ನೀನು ಮುಟ್ಟಿದ್ರೆ ನನ್ನ ಗಾಡಿ ಹೋಯ್ತು!"

ಹತ್ತು ದೋಸೆಗಳಾಗುವಷ್ಟರಲ್ಲಿ ಕೈ ಕುದುರಿತು. ಹದಿನೈದರ ಹೊತ್ತಿಗೆ ಅಂಗಿಯ ತುಂಬ ಹಿಟ್ಟು, ಬೆರಳುಗಳಿಗೆ ಬೊಬ್ಬೆ. ಇಪ್ಪತ್ತನೆಯ ತಟ್ಟೆಯನ್ನು ಹಲಗೆಯ ಮೇಲೆ ಇಟ್ಟನೋ ಇಲ್ಲವೋ, ಓರೆ ನಿಂತ ಗಾಡಿಯಿಂದ ಅದು ಸರ್ರನೆ ಜಾರಿತು. ಪ್ರಫುಲ್ಲಾಳ ಕೈ ತಾನಾಗಿ ಮುಂದೆ ಹೋಯಿತು. ಗಾಳಿಯಲ್ಲೇ ಹಿಡಿದಳು, ಅಷ್ಟಕ್ಕೇ ನಿಲ್ಲದೆ, ಎದುರಿಗಿದ್ದವನ ಕೈಗೂ ಕೊಟ್ಟುಬಿಟ್ಟಳು!

ಇಬ್ಬರೂ ಮುಖ ಮುಖ ನೋಡಿಕೊಂಡರು. ಪ್ರಫುಲ್ಲಾ ಮೆಲ್ಲಗೆ ಒಂದು ಬೆರಳು ಎತ್ತಿ ತೋರಿಸಿದಳು. ಹರಿಶ್ಚಂದ್ರ ಸೌಟನ್ನು ಹಿಟ್ಟಿನ ಡಬ್ಬದೊಳಗೆ ಬಿಟ್ಟುಬಿಟ್ಟ.

ಇಪ್ಪತ್ತೆರಡು ಜನ "ಜೋರ್ ಲಗಾ ಕೇ ಹೈಶಾ!" ಎಂದು ತಳ್ಳಿದರು. ಗಾಡಿ ಕೆಸರಿನಿಂದ ಗುಳುಂಕನೆ ಮೇಲೆ ಬಂದು ಗಟ್ಟಿ ನೆಲ ಮುಟ್ಟಿತು. ಕೈ ಬೀಸಿ ಮಕ್ಕಳು ಹೊರಟರು. ಗಾಡಿ ಬದುಕಿತು ನಿಜ, ಆದರೆ ಸೋಮವಾರದವರೆಗೆ ಮಾತ್ರ! ಹರಿಶ್ಚಂದ್ರ ಮೊದಲ ಡಬ್ಬದ ತಳ ಕೆರೆದು ಇನ್ನೊಂದು ದೋಸೆ ಹುಯ್ದ, ಚಟ್ನಿ ಹಾಕಿ ಹೆಂಡತಿಯ ಕೈಗಿಟ್ಟು ನಿಂತ. ಅವಳು ಕಾಲು ಚಾಚಿ, ಬೆಟ್ಟ ನೋಡುತ್ತಾ, ಪೂರ್ತಿ ತಿಂದು ಮುಗಿಸಿದಳು. ಬಿಸಿ ದೋಸೆಯನ್ನು ಬೇರೆಯವರ ಕೈಯಿಂದ ಇಸಿದುಕೊಂಡು ಕೂತು ತಿಂದು ಅವಳಿಗೆ ಎಷ್ಟು ವರ್ಷವಾಗಿತ್ತೋ ಏನೋ.

"ಮಾಲೀಕರನ್ನು ಕರೀರಿ," ಎಂದಳು.

"ನಾನೇ ಅಲ್ವಾ ಮಾಲೀಕ?"

"ನೀವು ಅಡುಗೆ ಭಟ್ರು. ಮೂಗಿನ ಮೇಲೆ ಹಿಟ್ಟು ಉಂಟು, ಒರೆಸ್ಕೊಳ್ಳಿ. ಒಂದು ಪ್ಲೇಟು ನನ್ನ ಕೈಯಿಂದ ಹೋಯ್ತೋ ಇಲ್ವೋ? ಮಾತಿನ ಪ್ರಕಾರ ಗೆದ್ದದ್ದು ನಾನು. ಇನ್ನು ಗಾಡಿ ಮಾರುದೋ ಇಟ್ಕೊಳ್ಳುದೋ ನನ್ನ ಇಷ್ಟ. ಮಾಲೀಕಳು ನಾನು."

"ಹಾಗಾದ್ರೆ... ಮಾಲೀಕರ ಇಷ್ಟ ಎಂತದು?"

"ಇಟ್ಕೊಳ್ಳುದು. ಇಂಥ ಭಟ್ರು ಬೇರೆ ಎಲ್ಲಿ ಸಿಗ್ತಾರೆ?"

ಅಬ್ಬ! ಹರಿಶ್ಚಂದ್ರನಿಗೆ ಹೋದ ಜೀವ ಬಂದಂತಾಯಿತು. ಬಾಯಿ ಕಿವಿಯವರೆಗೂ ಹಿಗ್ಗಿತು. "ಇನ್ನೊಂದು ಡಬ್ಬ ಹಿಟ್ಟು ಉಂಟು. ಮತ್ತೊಂದು ಹಾಕ್ಲಾ?"

"ಹಾಕಿ," ಎಂದಳು ಮಾಲೀಕಳು. "ಮತ್ತೆ, ಕೆಲಸದ ಹೊತ್ತಲ್ಲಿ ಹಾಗೆ ಹಲ್ಲು ಬಿಡುದು ಬೇಡ!"