ಸಿಡಿಲಣ್ಣನ ಉತ್ತರಕ್ರಿಯೆ

ಗೋಪೀನಾಥನ ತಲೆಗೂದಲು ಹೋದದ್ದು ಸ್ಕೂಟರ್ ಪಾರ್ಕಿಂಗಿನ ದೆಸೆಯಿಂದ. ಹೀಗೆಂದರೆ ಯಾರೂ ನಂಬುವುದಿಲ್ಲ. ಅವನೂ ಅಂದು ಸಾಯಂಕಾಲದವರೆಗೆ ನಂಬಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಸಹಳ್ಳಿಯ ‘ಸಿಡಿಲಣ್ಣ ಯುವಕರ ಬಳಗ’ ಇಡಿಯಾಗಿ ಒಂದು ಮಾಲಿಗೆ ಹೋಗಿ ‘ಸಿಡಿಲಣ್ಣ ಭಾಗ ಎರಡು’ ಸಿನಿಮಾದ ಮೊದಲ ಆಟ ನೋಡಿತು. ಗೋಪೀನಾಥ ಈ ಬಳಗದ ಗೌರವಾಧ್ಯಕ್ಷ. ಆ ಪದವಿ ಬಂದದ್ದು ಯಾವ ಸೇವೆಯಿಂದಲೂ ಅಲ್ಲ. ವಯಸ್ಸು ಮೂವತ್ತಾರು, ಇನ್ನೂ ಮದುವೆಯಿಲ್ಲ. ಹಿರಿಯರ ಲೆಕ್ಕಕ್ಕೂ ಆಗುತ್ತಾನೆ, ಯುವಕರ ಲೆಕ್ಕಕ್ಕೂ ಆಗುತ್ತಾನೆ ಎಂದು ಹುಡುಗರೇ ತೀರ್ಮಾನಿಸಿದ್ದರು.

ಸಿಡಿಲಣ್ಣ ಎಂದರೆ ಕಂಬ ಹತ್ತುವ ಲೈನ್‌ಮನ್. ಮೊದಲ ಭಾಗದಲ್ಲಿ ಸಿಡಿಲು ಬಡಿದು ಶಕ್ತಿ ಪಡೆದಿದ್ದ. ಎರಡನೆಯ ಭಾಗದ ಕೊನೆಯಲ್ಲಿ ಊರು ಉಳಿಸಲು ಹೋಗಿ, ಉರಿಯುತ್ತಿದ್ದ ಟ್ರಾನ್ಸ್‌ಫಾರ್ಮರನ್ನು ತಬ್ಬಿಕೊಂಡು ಬೂದಿಯಾದ. ಪರದೆ ಕಪ್ಪಾಗಿ ಹೆಸರುಗಳು ಮೇಲೇರತೊಡಗಿದವು. ಗೋಪೀನಾಥನಿಗೆ ಸ್ವಲ್ಪ ಹೊತ್ತು ಹಾಗೇ ಕೂತಿರೋಣ ಎನ್ನಿಸಿತು.

“ಅಣ್ಣ, ಏಳಿ ಏಳಿ,” ಎಂದು ಬಳಗದ ಕಾರ್ಯದರ್ಶಿ ಮಧುಕುಮಾರ ತೋಳು ಹಿಡಿದೆಳೆದ. “ಬೇಸ್‌ಮೆಂಟಿಂದ ಹೊರಗೆ ಬರಕ್ಕೆ ಒಂದೇ ದಾರಿ ಇರೋದು. ಈಗ ಹೋಗ್ಲಿಲ್ಲ ಅಂದ್ರೆ ಹೊಗೆ ಕುಡ್ಕೊಂಡು ನಿಂತ್ಕೋಬೇಕು.”

ಮಾತು ಸರಿಯಾಗಿತ್ತು. ಇಡೀ ಬಳಗ ಕಣ್ಣೊರೆಸಿಕೊಳ್ಳುತ್ತಲೇ ಸ್ಕೂಟರುಗಳತ್ತ ಓಡಿತು.

ಹೊಸಹಳ್ಳಿಗೆ ಬಂದು ದರ್ಶಿನಿ ಹೋಟೆಲೊಂದರ ಮುಂದೆ ಕಾಫಿ ಹಿಡಿದು ನಿಂತಾಗ ದುಃಖ ಸಿಟ್ಟಾಯಿತು.

“ಸಿಡಿಲು ಹೊಡೆದ್ರೇ ಸಾಯ್ದಿರೋನು ಟ್ರಾನ್ಸ್‌ಫಾರ್ಮರ್ ಮುಟ್ಟಿ ಸಾಯ್ತಾನಾ ಗುರು?” ಎಂದ ಒಬ್ಬ. “ಕತೆ ಬರೆದೋನಿಗೆ ಕರೆಂಟ್ ಅಂದ್ರೇನು ಅಂತಾನೇ ಗೊತ್ತಿಲ್ಲ.”

“ಅವ್ರಮ್ಮಂಗೆ ಒಂದು ಹಾಡೂ ಕೊಟ್ಟಿಲ್ಲ ಮಗಾ,” ಎಂದ ಇನ್ನೊಬ್ಬ. “ಮಗ ಸತ್ರೆ ತಾಯಿ ಹಾಡಲ್ವಾ?”

ಇಷ್ಟರಲ್ಲಿ ಫೋನುಗಳಲ್ಲಿ ಸುದ್ದಿ ಬರತೊಡಗಿತು. ಲಗ್ಗೆರೆಯ ಅಭಿಮಾನಿಗಳು ಪೋಸ್ಟರ್ ಹರಿದಿದ್ದರು. ಮಹಾಲಕ್ಷ್ಮಿ ಲೇಔಟಿನವರು ನಿರ್ದೇಶಕನಿಗೆ ಒಳ್ಳೆಯ ಬುದ್ಧಿ ಬರಲೆಂದು ರಸ್ತೆಯ ಮೇಲೆ ಉರುಳು ಸೇವೆ ಮಾಡಿದ್ದರು. ಹೊಸಹಳ್ಳಿ ಮಾತ್ರ ಕಾಫಿ ಕುಡಿಯುತ್ತಾ ನಿಂತಿತ್ತು.

ಆಗ ಗೋಪೀನಾಥ ಆಡಬಾರದ ಒಂದು ಮಾತು ಆಡಿದ. “ಮನೇಲಿ ಹಿರಿಯರು ಹೋದಂಗಾಯ್ತು ಕಣ್ರೋ.”

ಮಧುಕುಮಾರ ಲೋಟ ಕೆಳಗಿಟ್ಟ. “ಹಂಗಾದ್ರೆ ಅದನ್ನೇ ಮಾಡೋಣ ಅಣ್ಣ. ಅಣಕು ಶವಯಾತ್ರೆ. ಚಟ್ಟ, ಮಡಕೆ, ತಮಟೆ, ಎಲ್ಲ. ಕೊನೇಲಿ ತಲೆ ಬೋಳಿಸ್ಕೊಳ್ಳೋದು.”

“ಹನ್ನೊಂದನೇ ದಿನಕ್ಕಾ?”

“ಹನ್ನೊಂದನೇ ದಿನಕ್ಕೆ ಯಾರಿಗೆ ನೆನಪಿರುತ್ತಣ್ಣ? ಇವತ್ತೇ ಆಗ್ಬೇಕು. ಕರ್ಮ ಮಾಡೋದು ಹಿರೀಮಗ. ನಮ್ಮಲ್ಲಿ ಹಿರಿಯರು ನೀವೇ.”

ಗೋಪೀನಾಥ ತಲೆಗೂದಲು ಮುಟ್ಟಿಕೊಂಡ. ಸಾಯಂಕಾಲ ಅವನಿಗೆ ಬಸವೇಶ್ವರನಗರದಲ್ಲಿ ಹೆಣ್ಣು ನೋಡುವುದಿತ್ತು. ಹಿಂದೆ ನೋಡಿದ ಹುಡುಗಿಯರೆಲ್ಲ ಒಂದಲ್ಲ ಒಂದು ಕಾರಣಕ್ಕೆ ಬೇಡವೆಂದಿದ್ದರು. ಈ ಕೀರ್ತನಾಳ ಫೋಟೋ ನೋಡಿದ ಮೇಲೆ ಇವಳೂ ಬೇಡವೆಂದರೆ ತಡೆಯಲಾಗದು ಎಂದು ಅವನಿಗೆ ನಿಜಕ್ಕೂ ಅನ್ನಿಸಿತ್ತು. ಅವನಲ್ಲಿ ತೋರಿಸಿಕೊಳ್ಳುವಂಥದ್ದು ಎಂದಿದ್ದದ್ದು ಕೂದಲೊಂದೇ. ಬಿಡಿಭಾಗಗಳ ಕಂಪನಿಯಲ್ಲಿ ಗುಮಾಸ್ತೆ ಕೆಲಸ, ಬಾಡಿಗೆ ಮನೆ. ಆದರೆ ತಲೆ ತುಂಬ ಕಪ್ಪು ಗುಂಗುರು ಕೂದಲು. ಸಂಬಂಧ ತಂದಿದ್ದ ಎದುರು ಮನೆಯ ಮುನಿಲಕ್ಷ್ಮಮ್ಮ ಹೆಣ್ಣಿನ ಕಡೆಯವರಿಗೆ, “ಸಂಬಳ ಇವತ್ತು ಕಮ್ಮಿ ಇರುತ್ತೆ, ನಾಳೆ ಜಾಸ್ತಿ ಆಗುತ್ತೆ. ಕೂದ್ಲು ನೋಡಿ ನೀವು,” ಎಂದೇ ಹೇಳಿದ್ದರು.

“ನಂಗೆ ಸಾಯಂಕಾಲ ಹೆಣ್ಣು ನೋಡೋದಿದೆ ಕಣೋ ಮಧು.”

“ಅಣ್ಣ, ನಿಜವಾಗ್ಲೂ ಬೋಳಿಸ್ತಾರಾ ಯಾರಾದ್ರೂ? ಪ್ರತಿಭಟನೇಲಿ ಎಲ್ಲ ಆ್ಯಕ್ಟಿಂಗು. ಕತ್ತಿ ಹಿಂಗೆ ಮೇಲೆ ಹಿಡೀತಾರೆ, ಫೋಟೋ ತೆಗೀತಾರೆ, ಎದ್ದು ಹೋಗ್ತಾ ಇರೋದೇ.”

ಗೌರವಾಧ್ಯಕ್ಷರು ಒಪ್ಪಿದರು. ಬೇಡ ಎನ್ನುವುದು ಅವನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿದಿರಿನ ಚಟ್ಟದ ಮೇಲೆ ಸಿಡಿಲಣ್ಣನ ಪೋಸ್ಟರು ಮಲಗಿತ್ತು. ಗೋಪೀನಾಥ ಒದ್ದೆ ಪಂಚೆ ಉಟ್ಟು, ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ದಾರಿಯಲ್ಲಿ ಮೂವರು ಅಜ್ಜಿಯರು ನಿಜವಾದ ಹೆಣವೆಂದುಕೊಂಡು ಕೈ ಮುಗಿದರು. ಮೆರವಣಿಗೆ ಸರ್ಕಲ್ಲಿನ ಟ್ರಾನ್ಸ್‌ಫಾರ್ಮರಿನ ಮುಂದೆ ನಿಂತಿತು. ಅಲ್ಲಿ ಸಲೂನಿನ ಚಕ್ರಪಾಣಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಯಾವುದೋ ಯೂಟ್ಯೂಬ್ ಚಾನೆಲ್ಲಿನ ಹುಡುಗಿಯೊಬ್ಬಳು ಮೈಕು, ಕ್ಯಾಮೆರಾ ಹಿಡಿದು ಬಂದಿದ್ದಳು.

ಚಕ್ರಪಾಣಿ ಕತ್ತಿಯನ್ನು ತಲೆಯ ಮೇಲೆ ಗಾಳಿಯಲ್ಲಿ ಆಡಿಸಿದ. ಮೈಕಿನ ಹುಡುಗಿ ಕ್ಯಾಮೆರಾ ಇಳಿಸಿದಳು.

“ಅಂಕಲ್, ಕೂದ್ಲು ಬೀಳ್ತಾ ಇಲ್ಲ. ಫೇಕ್ ಅಂತ ಕಾಮೆಂಟ್ ಹಾಕ್ತಾರೆ. ಹಿಂದೆ ಒಂದು ಸ್ವಲ್ಪ, ಒಂದೇ ಒಂದು ಗೆರೆ ಎಳೀಲಿ.”

“ಹಿಂದೆ ಅಂದ್ರೆ ಕಾಣಲ್ಲ, ಬಾಚ್ಕೊಂಡ್ರೆ ಮುಚ್ಚುತ್ತೆ ಅಣ್ಣ,” ಎಂದ ಮಧುಕುಮಾರ.

ಹಿಂದೆ ಒಂದು ಗೆರೆ ಎಳೆಯಲೆಂದು ಚಕ್ರಪಾಣಿ ಕತ್ತಿ ಇಟ್ಟ. ಅದೇ ಗಳಿಗೆಗೆ ತಮಟೆಯವರು ಅಂತ್ಯಕ್ರಿಯೆಯ ಗತ್ತಿನಲ್ಲಿ ಒಮ್ಮೆಗೇ ಬಾರಿಸಿದರು. ಗೋಪೀನಾಥ ಬೆಚ್ಚಿ ತಲೆಯೆತ್ತಿದ. ಗೆರೆ ಹಿಂದಿನಿಂದ ಹೊರಟು ನೆತ್ತಿ ದಾಟಿ ಹಣೆಯವರೆಗೂ ಬಂತು.

ಚಕ್ರಪಾಣಿ ಸ್ವಲ್ಪ ದೂರ ನಿಂತು ನೋಡಿ, “ಹಿಂಗೆ ಬಿಟ್ರೆ ಚೆನ್ನಾಗಿರಲ್ಲ ಸಾರ್,” ಎಂದ. ಹಾಗೆ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಅಲ್ಲಿದ್ದವರೆಲ್ಲ ಒಪ್ಪಿದರು. ಉಳಿದದ್ದನ್ನು ಅವನು ಶ್ರದ್ಧೆಯಿಂದ ಮುಗಿಸಿ ಮೀಸೆಯನ್ನೂ ತೆಗೆದ. ಗೋಪೀನಾಥನ ಕಣ್ಣಲ್ಲಿ ಬಂದ ನೀರು ನೂರಕ್ಕೆ ನೂರು ನಿಜವಾದದ್ದು. ವಿಡಿಯೋ ಹಾಕಿದ ಕೂಡಲೇ ‘ಅಯ್ಯೋ ಪಾಪ ಅಣ್ಣ’, ‘ಪಾಪ, ಇವರಿಗೆ ಯಾರಾದರೂ ಹೇಳ್ರಪ್ಪ’ ಎಂಬ ಕಾಮೆಂಟುಗಳು ಒಂದರ ಮೇಲೊಂದು ಬಂದವು. ಬಳಗದವರು ಅವನ್ನೆಲ್ಲ ಸಂತಾಪವೆಂದು ಓದಿ ಎದೆಯುಬ್ಬಿಸಿದರು.

ಮನೆಯ ಬಾಗಿಲು ತೆಗೆದ ತಾಯಿ ಲಕ್ಷ್ಮಿದೇವಮ್ಮ ಗೋಡೆ ಹಿಡಿದುಕೊಂಡರು.

“ಯಾರಪ್ಪ ಹೋದ್ರು?”

“ಸಿಡಿಲಣ್ಣ.”

“ಯಾರ ಕಡೆಯೋರು? ನಿಮ್ಮಪ್ಪನ ಕಡೆಯೋರಾ?”

ವಿಷಯ ಪೂರ್ತಿ ತಿಳಿದ ಮೇಲೆ ಅವರು ಹಾಗೇ ಚಾಪೆಯ ಮೇಲೆ ಕೂತುಬಿಟ್ಟರು. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಸೀರೆಯುಟ್ಟು ಹೂ ಮುಡಿದು ಹೊರಡಲು ಸಿದ್ಧರಾಗಿ ಬಂದರು. ಗೋಪೀನಾಥನ ತಲೆಯನ್ನು ಎರಡೂ ಕಡೆಯಿಂದ ನೋಡಿದರು. ಹತ್ತಾರು ಮದುವೆ ಮಾಡಿಸಿದ ಹೆಂಗಸು, ಎದೆಗುಂದುವವರಲ್ಲ.

“ಬೋಳುತಲೆ ಅಂದ್ರೆ ಎರಡೇ ಅರ್ಥ. ಒಂದು ಸಾವು, ಇನ್ನೊಂದು ತಿರುಪತಿ. ಸಾವು ಅಂದ್ರೆ ವರ್ಷ ಕಾಯ್ಬೇಕು. ತಿರುಪತಿ ಅಂದ್ರೆ ಇವತ್ತೇ ಹೆಣ್ಣು ನೋಡಕ್ಕೆ ಹೋಗ್ಬಹುದು,” ಎಂದು ಎದುರು ಮನೆಗೆ ಹೋಗಿ, ಫ್ರಿಜ್ಜಿನಲ್ಲಿದ್ದ ಅರ್ಧ ಲಡ್ಡು ತಂದರು. ಅವರ ಅಳಿಯ ಹಿಂದಿನ ವಾರ ತಂದುಕೊಟ್ಟದ್ದು. “ಮದುವೆ ಆಗ್ಲಿ ಅಂತ ಮುಡಿ ಕೊಟ್ಟು ಬಂದೆ ಅನ್ನು. ಬೇರೆ ಒಂದು ಮಾತೂ ಆಡ್ಬೇಡ.”

ಹೆಂಗಸರಿಬ್ಬರೂ ಆಟೋದಲ್ಲಿ, ಗೋಪೀನಾಥ ಸ್ಕೂಟರಿನಲ್ಲಿ ಬಸವೇಶ್ವರನಗರಕ್ಕೆ ಹೋದರು. ಆ ರಸ್ತೆಯಲ್ಲಿ ಒಂದು ಸೈಕಲ್ ನಿಲ್ಲಿಸಲೂ ಜಾಗವಿರಲಿಲ್ಲ. ಗೋಪೀನಾಥ ಪಕ್ಕದ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಒಳಗೆ ಹೋದ.

ಹುಡುಗಿಯ ತಂದೆ ಯೋಗಾನಂದ ಅವನ ತಲೆ ಕಂಡು ಒಂದು ಕ್ಷಣ ತಡೆದರು. ಲಡ್ಡು ಕೈಗೆ ಬಂದ ಮೇಲೆ ಮುಖ ಅರಳಿತು. ಅದನ್ನು ಕಣ್ಣಿಗೊತ್ತಿಕೊಂಡು, “ಈಗಿನ ಕಾಲದಲ್ಲಿ ಹೆಣ್ಣು ನೋಡೋಕೆ ಮುಂಚೆ ಎಲ್ರೂ ಪಾರ್ಲರಿಗೆ ಹೋಗ್ತಾರೆ. ಇವ್ರು ತಿಮ್ಮಪ್ಪನ ಹತ್ರ ಹೋಗಿದಾರೆ,” ಎಂದು ಮನೆಯವರಿಗೆಲ್ಲ ಚೂರು ಚೂರು ಹಂಚಿದರು. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಮುನಿಲಕ್ಷ್ಮಮ್ಮ ಲಕ್ಷ್ಮಿದೇವಮ್ಮನ ಮೊಣಕೈ ತಿವಿದರು.

“ಹುಡುಗ ಹುಡುಗಿ ಮೇಲೆ ಹೋಗಿ ಒಂದೆರಡು ಮಾತಾಡ್ಕೊಂಡು ಬರ್ಲಿ,” ಎಂದರು ಯೋಗಾನಂದ.

ತಾರಸಿಯಲ್ಲಿ ಕೀರ್ತನಾ ಫೋನ್ ಮುಂದೆ ಹಿಡಿದಳು. ಅದರಲ್ಲಿ ಗೋಪೀನಾಥ ಒದ್ದೆ ಪಂಚೆಯಲ್ಲಿ ಕತ್ತಿಯ ಕೆಳಗೆ ಕೂತು ಅಳುತ್ತಿದ್ದ.

“ಲಡ್ಡು ಯಾರ್ದು?”

“ಮುನಿಲಕ್ಷ್ಮಮ್ಮನವ್ರ್ದು,” ಎಂದ ಗೋಪೀನಾಥ. ಇನ್ನು ಮುಚ್ಚಿಡಲು ತಲೆಯ ಮೇಲೂ ಏನೂ ಇರಲಿಲ್ಲ.

ಅವಳು ನಕ್ಕಳು. ಬೈಯುತ್ತಾಳೆಂದು ಕಾಯುತ್ತಿದ್ದ ಗೋಪೀನಾಥ ತಾನೂ ನಕ್ಕುಬಿಟ್ಟ.

“ಅಪ್ಪಂಗೆ ಹೇಳಲ್ಲ ಬಿಡಿ. ನಾನೂ ಬೆಳಿಗ್ಗೆ ಫಸ್ಟ್ ಶೋನೇ ನೋಡಿದ್ದು. ಆ ಟ್ರಾನ್ಸ್‌ಫಾರ್ಮರ್ ಸೀನಲ್ಲಿ ಎಷ್ಟು ಅತ್ತೆ ಗೊತ್ತಾ? ಸಿನಿಮಾನ ಇಷ್ಟು ಮನಸ್ಸಿಗೆ ಹಚ್ಕೊಳ್ಳೋರು ಸಿಗೋದೇ ಕಷ್ಟ.”

ಗೋಪೀನಾಥನಿಗೆ ಧೈರ್ಯ ಬಂತು. ಈ ಬಾಳಿನಲ್ಲಿ ಒಮ್ಮೆಯಾದರೂ ಒಂದು ಕೆಲಸ ಆಗುವಂತಿದೆ ಎನ್ನಿಸಿತು. “ಆದ್ರೂ ಅವನನ್ನ ಸಾಯ್ಸಬಾರದಿತ್ತು ಅಲ್ವಾ?” ಎಂದ.

ಕೀರ್ತನಾಳ ನಗು ನಿಂತಿತು. “ಸಾಯ್ಸಿದ್ರಾ?”

“ಬೂದಿ ಆದ್ನಲ್ಲ.”

“ಹೆಸರೆಲ್ಲ ಮುಗಿದ ಮೇಲೆ ಇನ್ನೊಂದು ಸೀನ್ ಇದೆ. ಬೂದಿಯೊಳಗಿಂದ ಕೈ ಬರುತ್ತೆ. ಸಿಡಿಲಣ್ಣ ಎದ್ದು ಕೂತು, ‘ಕರೆಂಟ್ ಬಂತಾ?’ ಅಂತ ಕೇಳ್ತಾನೆ. ಥಿಯೇಟರ್ ಕಿತ್ತೋಗೋ ಹಂಗೆ ವಿಷಲ್ ಹೊಡೆದ್ರು. ಮಜಾ ಹಾಳಾಗ್ಬಾರ್ದು ಅಂತ ನೋಡಿದೋರು ಯಾರೂ ಹೇಳ್ತಾ ಇಲ್ಲ ಅಷ್ಟೇ. ನೀವೆಲ್ಲಿದ್ರಿ ಆಗ?”

“ಪಾರ್ಕಿಂಗಲ್ಲಿ.”

ಬದುಕಿರುವವನ ಉತ್ತರಕ್ರಿಯೆಗೆ ಬೋಳಿಸಿಕೊಂಡ ತಲೆಯನ್ನು ಗೋಪೀನಾಥ ಒಮ್ಮೆ ಸವರಿಕೊಂಡ.

“ನೋಡಿ ಗೋಪೀನಾಥ್ ಅವ್ರೇ,” ಎಂದಳು ಕೀರ್ತನಾ. “ಮುಗಿಯೋಕೆ ಮುಂಚೆ ಎದ್ದು ಹೋಗೋರನ್ನ ಕಂಡ್ರೆ ನಂಗೆ ಆಗಲ್ಲ.”

ಅಷ್ಟರಲ್ಲಿ ಕೆಳಗೆ ಕಾರಿನ ಹಾರ್ನು ಒಂದೇ ಸಮನೆ ಕೂಗಿತು. “ಈ ಸ್ಕೂಟರ್ ಯಾರ್ದು ಸ್ವಾಮಿ? ಗೇಟ್ ಮುಂದೆ ನಿಲ್ಸಿ ಎಲ್ಲಿಗೆ ಹೋದ್ರಿ?”

ಗೋಪೀನಾಥನಿಗೆ ಉತ್ತರ ಸಿಕ್ಕಾಗಿತ್ತು. ಹಿಂದೆ ನೋಡಿದ ಹುಡುಗಿಯರೂ ಇಷ್ಟೇ ಹೇಳಿದ್ದರು, ಬೇರೆ ಮಾತುಗಳಲ್ಲಿ. “ನನ್ನ ಸ್ಕೂಟರ್,” ಎಂದು ಹೇಳಿ ಮೆಟ್ಟಿಲಿಳಿದ. ಹಿಂದಿನಿಂದ ಕೀರ್ತನಾ “ಒಂದ್ನಿಮಿಷ,” ಎಂದದ್ದು ಕೇಳಿಸಿತು. ಆದರೆ ಹಾರ್ನು ಇನ್ನೂ ಜೋರಾಗಿತ್ತು.

ಕೆಳಗಿಳಿದವನು ಮತ್ತೆ ಮನೆಯೊಳಗೆ ಹೋಗಲಿಲ್ಲ. ತಾಯಿಯನ್ನು ಹೊರಗೆ ಕರೆದು ಸ್ಕೂಟರಿನ ಹಿಂದೆ ಕೂರಿಸಿಕೊಂಡ. ಮುನಿಲಕ್ಷ್ಮಮ್ಮ, “ನೀವು ಹೊರಡಿ. ನಾನು ಕೂತು ಹುಡುಗಿ ಮನಸ್ಸು ತಿಳ್ಕೊಂಡು ಫೋನ್ ಮಾಡ್ತೀನಿ,” ಎಂದು ಉಳಿದರು. ಹೊಸಹಳ್ಳಿಯ ಸರ್ಕಲ್ಲಿನಲ್ಲಿ ಸಿಡಿಲಣ್ಣನ ಪೋಸ್ಟರು ಚೆಂಡುಹೂವಿನ ನಡುವೆ ಇನ್ನೂ ಮಲಗಿತ್ತು. ಗೋಪೀನಾಥ ಅದರ ಮುಖ ನೋಡದೆ ಮುಂದೆ ಹೋದ.

ಮನೆ ತಲುಪಿದ ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಏನಪ್ಪ ನೀನು,” ಎಂದರು ಮುನಿಲಕ್ಷ್ಮಮ್ಮ. “ಹುಡುಗಿಗೆ ಬೇಜಾರಾಗಿದೆ. ಮಾತು ಮುಗಿಯೋಕೆ ಮುಂಚೇನೇ ಎದ್ದು ಓಡಿದ್ಯಂತಲ್ಲ.”

“ಗೊತ್ತಾಯ್ತು ಬಿಡಿ ಆಂಟಿ,” ಎಂದು ಗೋಪೀನಾಥ ಕರೆ ಕತ್ತರಿಸಿದ. ಆಮೇಲೆ ಫೋನನ್ನೇ ಆರಿಸಿಬಿಟ್ಟ.

“ಏನಂತೆ?” ಎಂದು ಲಕ್ಷ್ಮಿದೇವಮ್ಮ ಕೇಳಿದರು.

“ಪಾರ್ಕಿಂಗ್ ಸರಿಯಿಲ್ವಂತೆ,” ಎಂದು ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಕತೆ ಮುಗಿಯಿತೆಂದು ಸ್ಕೂಟರ್ ತೆಗೆಯಲು ಹೋಗುವವರು ಹೋಗಬಹುದು. ಕೂತವರಿಗೆ ಇನ್ನೊಂದು ಚೂರು ಇದೆ.

ಬಸವೇಶ್ವರನಗರದ ಮನೆಯಲ್ಲಿ ಮುನಿಲಕ್ಷ್ಮಮ್ಮ ಕರೆ ಕಡಿದುಹೋದದ್ದು ತಿಳಿಯದೆ ಫೋನನ್ನು ಕಿವಿಗಿಟ್ಟುಕೊಂಡೇ ಮಾತು ಮುಂದುವರಿಸಿದ್ದರು. “ಆದ್ರೂ ಹುಡುಗಿ ಒಳ್ಳೇವ್ಳು ಕಣಪ್ಪ. ಭಾನುವಾರದ ಮ್ಯಾಟಿನಿಗೆ ಎರಡು ಟಿಕೆಟ್ ತಗೊಂಡಿದಾಳೆ. ಪಕ್ಕದಲ್ಲಿ ಕೂತು ಪೂರ್ತಿ ನೋಡಿದ್ರೆ ಒಪ್ಕೋತೀನಿ ಅಂತಿದಾಳೆ. ತಾರಸೀಲಿ ಅದನ್ನೇ ಹೇಳಕ್ಕೆ ಹೊರಟಿದ್ಲಂತೆ. ಕೂದ್ಲು ಬರುತ್ತೆ ಬಿಡಿ ಅಂದ್ಲು. ಏನು ಹೇಳ್ಲಿ? ಹಲೋ? ಗೋಪೀ?”

ಮತ್ತೆ ಮಾಡಿದರು, ಫೋನ್ ಆಫ್ ಆಗಿತ್ತು. ಕೀರ್ತನಾ ಬಾಗಿಲ ಬಳಿ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು.

“ಹುಡುಗಂಗೆ ಇಷ್ಟ ಇಲ್ಲ ಅಂತ ಕಾಣುತ್ತಮ್ಮ,” ಎಂದು ಮುನಿಲಕ್ಷ್ಮಮ್ಮ ನಿಟ್ಟುಸಿರುಬಿಟ್ಟು, ಚೀಲದಿಂದ ಇನ್ನೊಬ್ಬ ಹುಡುಗನ ಫೋಟೋ ತೆಗೆದರು.