ಕರಿಗುಂಡಗಿಯ ಶುದ್ಧ ಗಾಳಿ

ಹೆಂಡತಿಯ ಕೆಮ್ಮಿನಿಂದ ಅಜಯಕುಮಾರನಿಗೆ ಧೈರ್ಯ ಬಂದಿತ್ತು. ಇಲ್ಲದಿದ್ದರೆ ತನ್ನ ಸಾಹೇಬ ರಮೇಶಕುಮಾರರ ಮುಂದೆ ನಿಂತು ವರ್ಗಾವಣೆ ಕೇಳುವ ಎದೆಗಾರಿಕೆ ಅವನಿಗೆಲ್ಲಿತ್ತು? ಹೆಂಡತಿ ಸಪ್ನಾಳಿಗೆ ಸಿಮೆಂಟಿನ ಊರಾದ ವಾಡಿಯ ಧೂಳು ಒಗ್ಗಿರಲಿಲ್ಲ. ಗಾಳಿ ಚೆನ್ನಾಗಿರುವ ಕಡೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕಂಪನಿಯ ಕಲಬುರಗಿ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು.

"ನಿನ್ನ ಕೆಲಸ ಇವತ್ತೇ ಮುಗಿಸ್ತೀನಿ. ಆದ್ರ ಕರಿಗುಂಡಗಿ ಗಾಳಿ ಸ್ಯಾಂಪಲ್ ಸಂಜಿ ಒಳಗ ಆಗಬೇಕು. ಕೆಡಿಸಿದಿ ಅಂದ್ರ ವಾಡಿಯಾಗೇ ಬಿದ್ದಿರು," ಎಂದಿದ್ದರು ಸಾಹೇಬರು.

ಸಿಮೆಂಟ್ ಕಾರ್ಖಾನೆಯ ಧೂಳಿನಿಂದ ಸುತ್ತಲಿನ ಹೊಲ, ಹಳ್ಳ, ದನಕರುಗಳಿಗೆ ಎಷ್ಟು ಅಪಾಯ ಎಂದು ವರದಿ ಬರೆಯುವುದು ಇವರ ಕಂಪನಿಯ ದಂಧೆ. ವರದಿಗೆ ದುಡ್ಡು ಕೊಡುವುದು ಅದೇ ಕಾರ್ಖಾನೆ. ಕಾವಲುಗಾರನಿಗೆ ಕಳ್ಳನೇ ಸಂಬಳ ಕೊಟ್ಟರೆ ಕಾವಲು ಹೇಗಿರುತ್ತದೆಂದು ಬೇರೆ ಹೇಳಬೇಕೆ? ಇನ್ನು ಕಾರ್ಖಾನೆಯ ಮಗ್ಗುಲಿನ ಕರಿಗುಂಡಗಿಯೋ, ಬೇವಿನ ಮರದ ಬಣ್ಣ ಹಸಿರೆಂದು ಮಳೆ ಬಂದಾಗಷ್ಟೇ ಗೊತ್ತಾಗುವ ಊರು.

ಬೆಳಿಗ್ಗೆ ಗಾಳಿಯ ಧೂಳು ಅಳೆಯುವ ಯಂತ್ರ ಹೊತ್ತು ಅಜಯಕುಮಾರ ಬಸ್ಸಿಳಿದದ್ದೇ ತಡ, ಊರಿನ ಇಬ್ಬರು ದೊಡ್ಡವರು ಬಂದು ಮುತ್ತಿದರು.

"ನಮ್ಮ ಮಾಳಿಗಿ ಮ್ಯಾಲ ಇಡ್ರಿ. ಈ ಊರಾಗ ಸರ್ಕಾರಿ ಸಾಮಾನು ಇಡೂವಂಥ ಮನಿ ನಮ್ಮದೊಂದೇ," ಎಂದ ಹಣಮಂತರಾಯ.

"ಅವರ ಮಾಳಿಗಿ ಸೋರ್ತದ್ರಿ ಸಾಹೇಬ್ರ! ಮ್ಯಾಲ ಹತ್ತಿದ್ರ ಸೀದಾ ಕೆಳಗ ಅಡಗಿಮನಿಯಾಗ ಇಳಿತೀರಿ," ಎಂದ ಭೀಮಾಶಂಕರ.

ಇದು ಸರ್ಕಾರದ್ದಲ್ಲ, ಕಂಪನಿಯದು ಎಂದರೆ ಕೇಳುವವರಾರು? ಯಂತ್ರ ಯಾರ ಮಾಳಿಗೆ ಏರುತ್ತದೋ ಅವರ ಮರ್ಯಾದೆಯೂ ಅಷ್ಟೇ ಎತ್ತರ ಏರುತ್ತದೆಂದು ಇಬ್ಬರೂ ನಂಬಿದ್ದರು. ಜಗಳ ಕೈಗೆ ಬರುವ ಹೊತ್ತಿಗೆ ಅಜಯಕುಮಾರ ಉಪಾಯ ಮಾಡಿ, ಯಾರ ಗೊಡವೆಗೂ ಹೋಗದ ಮುದುಕಿ ಭೀಮಬಾಯಿಯ ಮಾಳಿಗೆ ಹತ್ತಿದ.

"ಇದು ಏನ್ ಮಾಡ್ತದೋ ತಮ್ಮಾ?" ಎಂದು ಕೇಳಿದಳು ಭೀಮಬಾಯಿ.

ಓದದ ಮುದುಕಿಗೆ ಏನು ಹೇಳಿದರೆ ಏನು ತಿಳಿದೀತು ಎಂದುಕೊಂಡ ಈ ಮಹಾಪಂಡಿತ. "ಅದೆಲ್ಲಾ ನಿಮಗ ತಿಳಿಯೂದಿಲ್ಲ ಆಯಿ. ಭಾಳ ತುಟ್ಟಿ ಮಷಿನು. ಹಾಳಾಗದಂಗ ಕೂಸಿನಂಗ ನೋಡ್ಕೋರಿ," ಎಂದು ಗುಂಡಿ ಒತ್ತಿ ಕೆಳಗಿಳಿದ.

ಸೋತ ಇಬ್ಬರೂ ಈಗ ಊಟದಲ್ಲಿ ಗೆಲ್ಲಲು ಹೊರಟರು. ಹಣಮಂತರಾಯನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಅಲ್ಲಿಂದ ಎದ್ದು ಬರುವಷ್ಟರಲ್ಲಿ ಭೀಮಾಶಂಕರ ರಟ್ಟೆ ಹಿಡಿದು ಎಳೆದೊಯ್ದ. "ಅವರ ಮನ್ಯಾಗ ಉಂಡು ನಮ್ಮ ಮನ್ಯಾಗ ಉಣಲಾರದೆ ಹ್ವಾದ್ರ ನಾ ಹ್ಯಾಂಗ ಮಾರಿ ತೋರಿಸಲಿ?" ಎಂದು ಹೋಳಿಗೆಯ ಮೇಲೆ ತುಪ್ಪ ಸುರಿದ. ಯಂತ್ರವನ್ನು ಆಗಾಗ ನೋಡಬೇಕೆಂಬುದು ನಿಯಮ. ಎರಡು ಮನೆಯ ಊಟ ಹೊಟ್ಟೆಯಲ್ಲಿರುವಾಗ ನಿಯಮ ಯಾರಿಗೆ ನೆನಪಿರುತ್ತದೆ? ಅಜಯಕುಮಾರ ಅಲ್ಲೇ ಪಡಸಾಲೆಯಲ್ಲಿ ಗೊರಕೆ ಹೊಡೆದ.

ಸಂಜೆ ಎಚ್ಚರವಾಗಿ ಓಡಿಬಂದು ಮಾಳಿಗೆ ಹತ್ತಿದವನ ಜೀವ ಬಾಯಿಗೆ ಬಂತು. ಯಂತ್ರದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಿಂದಿ ಬಟ್ಟೆ ಹೊಲಿದ ದಪ್ಪ ಕೌದಿ, ಸುತ್ತಲೂ ಬಿಗಿಯಾದ ಹಗ್ಗ. ಒಳಗಿಂದ ಗುಂಯ್ ಎಂಬ ಕ್ಷೀಣ ದನಿ. ಪಕ್ಕದಲ್ಲಿ ಭೀಮಬಾಯಿ ಹೆಮ್ಮೆಯಿಂದ ಕುಳಿತಿದ್ದಳು.

"ಆಯಿ! ಇದೇನ್ ಮಾಡೀರಿ?"

"ನೀ ಕೆಳಗ ಇಳದ ಕೂಡ್ಲೇ ಎಷ್ಟ್ ಧೂಳು ಬಿತ್ತಂತಿ! ಒಮ್ಮಿ ಒರಿಸಿ, ಆವಾಗೇ ಹೊಚ್ಚಿಬಿಟ್ಟೆ. ಹಾಲು, ನೀರು, ಹಿಟ್ಟು, ತೊಟ್ಟಿಲದಾಗಿನ ಕೂಸು, ಈ ಊರಾಗ ಮುಚ್ಚಲಾರದೆ ಏನರೆ ಇಡ್ತಾರೇನು?"

ಕೌದಿ ಕಿತ್ತು ಒಳಗಿನ ಸೋಸುಕಾಗದ ಹೊರತೆಗೆದ. ಧೂಳು ಹಿಡಿದು ಬೂದಿಬಣ್ಣಕ್ಕೆ ತಿರುಗಬೇಕಿದ್ದ ಕಾಗದ ಬೆಳಿಗ್ಗೆ ಹಾಕಿದಾಗ ಇದ್ದಷ್ಟೇ ಬೆಳ್ಳಗಿತ್ತು.

ಅಷ್ಟರಲ್ಲಿ ಗದ್ದಲ ಕೇಳಿ ಇಬ್ಬರು ದೊಡ್ಡವರೂ ಮಾಳಿಗೆ ಹತ್ತಿ ಸಲಹೆ ಕೊಡತೊಡಗಿದರು. "ಇಲ್ಲೇ ನೆಲದಾಗಿನ ಧೂಳು ಒಂದು ಚಿಮಟಿ ಉದುರಿಸ್ರಿ," ಎಂದ ಹಣಮಂತರಾಯ. "ಹಂಗೇ ಕೊಡ್ರಿ, ಬೆಳ್ಳಗಿದ್ದದ್ದು ಯಾರಿಗಿ ಬ್ಯಾಡ?" ಎಂದ ಭೀಮಾಶಂಕರ. ಸ್ಯಾಂಪಲ್ ಕೆಟ್ಟಿದೆ ಎಂದು ನಿಜ ಹೇಳಬಹುದೆಂದು ಆ ಇಬ್ಬರಿಗೂ ಹೊಳೆಯಲಿಲ್ಲ. ಅಜಯಕುಮಾರನಿಗೆ ಹೊಳೆದಿತ್ತೇನೋ. ಆದರೆ ಕಲಬುರಗಿಯ ಕುರ್ಚಿ ಕಣ್ಣಿಗೆ ಕಟ್ಟಿತು. ಕಾಗದದ ಫೋಟೋ ತೆಗೆದು, 'ಸ್ಯಾಂಪಲ್ ಸರಿಯಾಗಿದೆ' ಎಂದು ಬರೆದು ಸಾಹೇಬರಿಗೆ ಕಳಿಸಿದ ಹೇಡಿ.

ಸ್ವಲ್ಪ ಹೊತ್ತಿಗೆ ಫೋನು ಬಂತು.

"ಶಾಬಾಷ್! ಧೂಳೇ ಇಲ್ಲಲ್ಲೋ! ಕಾರ್ಖಾನಿಯವರು ಭಾಳ ಖುಷಿ ಆಗ್ಯಾರ. ಯಾವ ಅಪಾಯನೂ ಇಲ್ಲಂತ ವರದಿ ಬರದುಬಿಟ್ಟೆ."

"ಸರ್, ನನ್ನ ವರ್ಗಾವಣಿ..."

"ಆರ್ಡರ್ ಆಯ್ತಪಾ! ಕಲಬುರಗಿಯಾಗ ಏನದ, ಬರೇ ಆಟೋದ ಹೊಗಿ. ನಿನ್ನ ಹೆಂಡ್ತಿ ಸಲುವಾಗಿ ನಾನೇ ವಿಚಾರ ಮಾಡೀನಿ. ನಮ್ಮ ವರದಿಗಳೊಳಗ ಇಷ್ಟು ಶುದ್ಧ ಗಾಳಿ ಇನ್ನೆಲ್ಲೂ ಸಿಕ್ಕಿಲ್ಲ. ಕರಿಗುಂಡಗಿಯಾಗೇ ಗಾಳಿ ಅಳಿಯೂ ಖಾಯಂ ಕೇಂದ್ರ ಮಾಡ್ಲಿಕತ್ತೀವಿ, ಐದು ವರ್ಷ ನೀನೇ ಇನ್‌ಚಾರ್ಜ್. ಆಕೀನ್ನೂ ಕರ್ಕೊಂಡು ಬಂದು ಅಲ್ಲೇ ಮನಿ ಮಾಡು."

"ಸರ್! ಈ ಊರಾಗ ಧೂಳು..."

"ಧೂಳು? ಹಂಗಾದ್ರ ನೀ ಕಳಿಸಿದ ಸ್ಯಾಂಪಲ್ ಸುಳ್ಳೇನು?"

ಅಜಯಕುಮಾರ ಉತ್ತರಿಸಲು ಬಾಯಿ ತೆರೆದ. ಕಾರ್ಖಾನೆಯ ಕಡೆಯಿಂದ ಬೀಸಿದ ಗಾಳಿ ಒಂದು ಹಿಡಿ ಧೂಳನ್ನು ಗಂಟಲಿಗೆ ನೂಕಿತು. ಮಾತು ಹೊರಡದೆ ಕೆಮ್ಮು ಒತ್ತರಿಸಿ ಬಂತು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ.

"ಅಯ್ಯೋ, ನಿನಗೂ ಶುರುವಾಗ್ಯಾದೇನು?" ಎಂದು ರಮೇಶಕುಮಾರರು ಮರುಗಿದರು. "ಹಂಗಾದ್ರ ಅಲ್ಲಿಂದ ಹೊರಡಲೇ ಬ್ಯಾಡ."